ನಡುಮನೆಯ ಕಂಬ, ವಾರಕ್ಕೆ ಮೂರು ಸಂಜೆ

ಕೇಳುಗರಿಗೆ ನಮಸ್ಕಾರ. ನಮ್ಮ ನಡುಮನೆಯಲ್ಲಿ ನೆಲದಿಂದ ತಾರಸಿಯವರೆಗೆ ಒಂದು ಉಕ್ಕಿನ ಕಂಬ ನಿಂತಿದೆ. ಅಡ್ಡಳತೆ 45 ಮಿಲಿಮೀಟರ್, ಒಂದು ಅಂಗೈಗೆ ಸರಿಯಾಗಿ ಸಿಗುವಷ್ಟು. ವಾರಕ್ಕೆ ಮೂರು ಸಂಜೆ ನಾನು ಅದರ ಮೇಲೆ ಪೋಲ್ ಡಾನ್ಸ್ ಅಭ್ಯಾಸ ಮಾಡುತ್ತೇನೆ.

ಕಂಬ ಹತ್ತಿ ಕಸರತ್ತು ಮಾಡುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಮಲ್ಲಕಂಬದ ಪ್ರಸ್ತಾಪವಿದೆ. ಮಲ್ಲಕಂಬ ಮರದ್ದು, ಅದಕ್ಕೆ ಹರಳೆಣ್ಣೆ ಸವರುತ್ತಾರೆ. ನಮ್ಮ ಕಂಬ ಲೋಹದ್ದು, ಎಣ್ಣೆಯ ಪಸೆ ಇದ್ದರೂ ಜಾರಿ ಬೀಳುತ್ತೇವೆ. ತೊಡೆ, ಮೊಣಕಾಲಿನ ಹಿಂಬದಿ, ಕಂಕುಳು, ಇಲ್ಲೆಲ್ಲ ಬರಿಯ ಚರ್ಮವೇ ಕಂಬವನ್ನು ಹಿಡಿಯಬೇಕು. ತುಂಡು ಚಡ್ಡಿ ಹಾಕುವುದು ಅದಕ್ಕೇ. ಇಂದಿನ ರೂಪದ ಈ ನೃತ್ಯವನ್ನು ಬೆಳೆಸಿದವರು ಕೆನಡಾ, ಅಮೆರಿಕದ ಕ್ಲಬ್ಬುಗಳಲ್ಲಿ ಕುಣಿದ ಹೆಣ್ಣುಮಕ್ಕಳು. 1990ರ ದಶಕದಲ್ಲಿ ಅವರಲ್ಲಿ ಕೆಲವರು ಹೊರಗಿನವರಿಗೂ ಕಲಿಸತೊಡಗಿದರು. ಅವರ ಋಣ ನನ್ನ ಮೇಲಿದೆ.

ಮನೆಯಲ್ಲಿ ಕಂಬ ನಿಲ್ಲಿಸುವವರಿಗೆ ಮೊದಲು ಒಂದು ಮಾತು. ಮೊಳೆ ಹೊಡೆಯದೆ, ನೆಲಕ್ಕೂ ಸೂರಿಗೂ ಒತ್ತುಕೊಟ್ಟು ನಿಲ್ಲುವ ಕಂಬಗಳೇ ಮನೆಗಳಲ್ಲಿ ಹೆಚ್ಚು. ಇವಕ್ಕೆ ಆರ್‌ಸಿಸಿ ತಾರಸಿಯಂಥ ಗಟ್ಟಿ ಸೂರು ಬೇಕು. ಹಂಚಿನ ಮನೆಗೆ ಆಗದು, ಪಿಒಪಿಯ ಫಾಲ್ಸ್ ಸೀಲಿಂಗ್‌ಗಂತೂ ಖಂಡಿತ ಬೇಡ. ಕಾಲು ಚಾಚಿ ಒಂದು ಸುತ್ತು ತಿರುಗಿದರೆ ಕುರ್ಚಿ, ಟಿವಿ, ಗೋಡೆ ಯಾವುದೂ ತಾಗಬಾರದು. ಬುಡಕ್ಕೆ ದಪ್ಪ ಮ್ಯಾಟ್ ಹಾಸಿ. ಹತ್ತುವ ಮುಂಚೆ ಪ್ರತಿ ಸಲವೂ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿ, ನಿನ್ನೆ ಬಿಗಿಯಾಗಿದ್ದರೂ ಸರಿ.

ಇನ್ನು ಅಭ್ಯಾಸದ ವಿಷಯ. ಕ್ಲಾಸಿನಲ್ಲಿ ಟೀಚರ್ ಹೇಳಿದ್ದನ್ನು ಮಾಡುತ್ತೇವೆ. ಮನೆಯಲ್ಲಿ ‘ಇವತ್ತು ಏನು ಮಾಡಲಿ’ ಎಂದು ಕೇಳಿಕೊಂಡ ಕ್ಷಣದಲ್ಲೇ ಅರ್ಧ ಸಂಜೆ ಕಳೆದುಹೋಗುತ್ತದೆ. ಮೊದಲ ವರ್ಷ ನನಗೆ ಆದದ್ದು ಅದೇ. ಫೋನ್ ತೆಗೆದು ಯಾರದೋ ವಿಡಿಯೊ ನೋಡಿ, ಮೈ ಕಾಯಿಸದೆ ಅದನ್ನೇ ಹತ್ತು ಸಲ ಪ್ರಯತ್ನಿಸುತ್ತಿದ್ದೆ. ಅದೂ ಬಲಗಡೆಗೆ ಮಾತ್ರ. ಬಲ ಮೊಣಕೈಯ ಒಳಬದಿ ನೋಯತೊಡಗಿತು. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಆ ವ್ಯತ್ಯಾಸವನ್ನು ನಾನು ಗೌರವಿಸಿರಲಿಲ್ಲ. ನಾಲ್ಕು ತಿಂಗಳು ಕಂಬ ಮುಟ್ಟಲಾಗಲಿಲ್ಲ. ಟವೆಲ್ ಒಣಹಾಕಲು ಬಳಸುತ್ತಿದ್ದೆವು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಸೋಮವಾರ ಬಲ, ಬುಧವಾರ ಸುತ್ತು, ಶನಿವಾರ ನೃತ್ಯ. ಬಲದ ದಿನ ಹತ್ತುವುದು, ತೊಡೆಯಲ್ಲಿ ಕಚ್ಚಿ ಕೂರುವುದು, ಮೇಲಿನಿಂದ ಐದು ಎಣಿಸುತ್ತ ನಿಧಾನಕ್ಕೆ ಇಳಿಯುವುದು. ಈ ಇಳಿಯುವಿಕೆಯೇ ನನಗೆ ಹೆಚ್ಚು ಶಕ್ತಿ ಕೊಟ್ಟಿದ್ದು. ಸುತ್ತಿನ ದಿನ ಕಂಬ ಹಿಡಿದು ಅದರ ಸುತ್ತ ತಿರುಗುವ ಫೈರ್‌ಮನ್ ಸ್ಪಿನ್, ಕುರ್ಚಿಯಲ್ಲಿ ಕೂತ ಭಂಗಿಯ ಚೇರ್ ಸ್ಪಿನ್‌ನಂಥವು. ಶನಿವಾರ ಹೊಸದೇನೂ ಇಲ್ಲ, ಬಂದಷ್ಟನ್ನೇ ಒಂದು ಹಾಡಿಗೆ ಜೋಡಿಸುತ್ತೇನೆ. ಮೂರೂ ದಿನ 45 ನಿಮಿಷ. ಅದರಲ್ಲಿ ಮೊದಲ ಹದಿನೈದು ಮಣಿಕಟ್ಟು, ಭುಜ, ಸೊಂಟ ಬಿಸಿ ಮಾಡಲು. ಅದನ್ನು ಕಡಿತ ಮಾಡುವುದಿಲ್ಲ. ಸಮಯ ಕಡಿಮೆ ಇದ್ದರೆ ಆ ಹದಿನೈದು ನಿಮಿಷವಷ್ಟೇ ಮಾಡಿ ಪುಸ್ತಕದಲ್ಲಿ ಬರೆದುಬಿಡುತ್ತೇನೆ. ಅದೂ ಅಭ್ಯಾಸವೇ.

ಎಲ್ಲಕ್ಕಿಂತ ನನ್ನನ್ನು ಬದಲಿಸಿದ್ದು ಎಡಗಡೆ. ಬಲಗೈಯವರಿಗೆ ಎಡಗಡೆಯ ಸುತ್ತು ಎಂದರೆ ಮಗು ಮೊದಲ ಸಲ ಸ್ಲೇಟು ಹಿಡಿದ ಹಾಗೆ. ಆದ್ದರಿಂದಲೇ ನಾನು ಎಡಗಡೆಯಿಂದ ಶುರು ಮಾಡುತ್ತೇನೆ. ಮೈಯಲ್ಲಿ ಶಕ್ತಿಯಿದೆ, ಮನಸ್ಸಿನಲ್ಲಿ ತಾಳ್ಮೆಯಿದೆ, ಅದೆಲ್ಲ ಮೊದಲು ಅದಕ್ಕೆ ಸಿಗಲಿ. ಬಲಗಡೆ ಎಡಗಡೆಗಿಂತ ಒಂದು ಸಲವೂ ಹೆಚ್ಚು ಮಾಡುವುದಿಲ್ಲ. ಆರು ತಿಂಗಳಲ್ಲಿ ನನ್ನ ಹೆಗಲುಗಳು ಕನ್ನಡಿಯಲ್ಲಿ ಒಂದೇ ಮಟ್ಟಕ್ಕೆ ಬಂದಿದ್ದು ನನಗೇ ಕಾಣಿಸಿತು.

ತಲೆಕೆಳಗಾಗುವುದನ್ನು ಮಾತ್ರ ನಾನು ಟೀಚರ್ ಮುಂದೆ ಕಲಿತೆ. ಮನೆಯಲ್ಲಿ ಯಾರೂ ಇಲ್ಲದಾಗ ಈಗಲೂ ಮಾಡುವುದಿಲ್ಲ. ಎಗರಿ, ಕಾಲು ಬೀಸಿ ಮೇಲೇರುವ ಆಸೆ ಎಲ್ಲರಿಗೂ ಆಗುತ್ತದೆ, ಬೇಡ. ಭುಜವನ್ನು ಕಿವಿಯಿಂದ ಕೆಳಗೆಳೆದು, ಹೊಟ್ಟೆಯ ಬಲದಿಂದ ಮೊಣಕಾಲು ನಿಧಾನವಾಗಿ ಎದೆಯತ್ತ ಬಂದರಷ್ಟೇ ಮುಂದಿನ ಹೆಜ್ಜೆ. ಸೋಮವಾರ ಸಂಜೆ ಅತ್ತೆ ಅಲ್ಲೇ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಾರೆ. “ಇವತ್ತು ಕಾಲು ನಡುಗಲಿಲ್ಲ ಕಣಮ್ಮ” ಎನ್ನುತ್ತಾರೆ. ಅವರು ಹಾಗೆಂದರೆ ಅದನ್ನೂ ಪುಸ್ತಕದಲ್ಲಿ ಬರೆಯುತ್ತೇನೆ.

ಕೈ ಜಾರುವುದರ ಬಗ್ಗೆ ಬಹಳ ಜನ ಕೇಳುತ್ತಾರೆ. ಅಭ್ಯಾಸದ ದಿನ ಮೈಗೆ ಲೋಷನ್, ಕೊಬ್ಬರಿ ಎಣ್ಣೆ ಬೇಡ. ಕಂಬವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಮಂಗಳೂರಿನ ಸೆಕೆಯಲ್ಲಿ ಬೆವರು ಹೆಚ್ಚು, ಕೈ ಜಾರದಂತೆ ಹಚ್ಚಿಕೊಳ್ಳುವ ಗ್ರಿಪ್ ಚಾಕ್ ನೆರವಾಗುತ್ತದೆ. ಮಾಗಿಯ ಚಳಿಯಲ್ಲಿ ಚರ್ಮ ಒಣಗಿ ಲೋಹ ತಣ್ಣಗಿರುತ್ತದೆ, ಆಗ ಅಂಗೈಯಿಂದ ಕಂಬವನ್ನು ಉಜ್ಜಿ ಬಿಸಿ ಮಾಡಿಕೊಳ್ಳಿ. ತೊಡೆಯ ಮೇಲೆ ಮೂಡುವ ನೀಲಿ ಕಲೆಗಳು ಒಂದೆರಡು ವಾರದಲ್ಲಿ ಮಾಯುತ್ತವೆ. ಕೀಲಿನ ನೋವು ಹಾಗಲ್ಲ, ಅದು ಬಂದ ದಿನವೇ ನಿಲ್ಲಿಸಿ.

ಹಬ್ಬ, ಜ್ವರ, ಊರಿಗೆ ಹೋಗುವುದು, ಬಿಡುವು ಆಗಿಯೇ ಆಗುತ್ತದೆ. ಮರಳಿ ಬಂದಾಗ ಬಿಟ್ಟಲ್ಲಿಂದ ಹಿಡಿಯಬೇಡಿ. ನಾನು ನೋಟ್‌ಬುಕ್ ತೆರೆದು ಎರಡು ವಾರ ಹಿಂದಿನ ಪುಟಕ್ಕೆ ಹೋಗಿ ಅದನ್ನೇ ಮಾಡುತ್ತೇನೆ. ಈ ಸಲ ಗೌರಿ ಹಬ್ಬಕ್ಕೆ ಹತ್ತು ದಿನ ತವರಿನಲ್ಲಿದ್ದೆ. ಬಂದ ಸೋಮವಾರ ತೆರೆದ ಪುಟದಲ್ಲಿ ಇದ್ದದ್ದು ಒಂದೇ ಸಾಲು: ಎಡಗಡೆ, ಮೂರು ಸಲ ಹತ್ತಿದೆ, ಐದು ಎಣಿಸಿ ಇಳಿದೆ.

ನಮಸ್ಕಾರ.