ಕೂಲಂಟ್ ಹೋಸ್ ಒಳಗಿನಿಂದ ಯಾಕೆ ಸೀಳುತ್ತದೆ? ಎಂಜಿನ್‌ನಲ್ಲಿ ಎಲ್ಲಿಗೆ ಯಾವ ರಬ್ಬರ್?

ನಮಸ್ಕಾರ. ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು: "ಸಿಲಿಕೋನ್ ಹೋಸ್ 200 ಡಿಗ್ರಿ ಬಿಸಿ ತಡೆಯುತ್ತದಂತೆ. ಹಾಗಾದರೆ ಬಾನೆಟ್ ಕೆಳಗಿನ ಎಲ್ಲಾ ಹೋಸನ್ನೂ ಸಿಲಿಕೋನ್‌ಗೆ ಬದಲಾಯಿಸಿಬಿಡಬಹುದಲ್ವಾ?"

ಬೇಡ. ಅದರಲ್ಲೂ ಪೆಟ್ರೋಲ್ ಲೈನಿಗೆ ಖಂಡಿತ ಬೇಡ. ಯಾಕೆ ಅಂತ ನೋಡೋಣ.

[ಪರದೆ: ಅಡ್ಡಕ್ಕೆ ಕತ್ತರಿಸಿದ ಹೋಸ್, ಹತ್ತಿರದಿಂದ]

ಮೂಲ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಮೂರು ಪದರ ಕಾಣುತ್ತಿದೆ ನೋಡಿ. ಒಳಗಿನ ರಬ್ಬರ್ ದ್ರವಕ್ಕೆ ತಾಗಿಕೊಂಡಿರುತ್ತದೆ. ನಡುವಿನ ನೂಲಿನ ಹೆಣಿಗೆ ಒತ್ತಡ ತಡೆಯುತ್ತದೆ. ಹೊರಗಿನ ಪದರ ಬಿಸಿ ಗಾಳಿ, ಓಝೋನ್, ಜಿಡ್ಡು ಎಲ್ಲವನ್ನೂ ಎದುರಿಸುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಒಳಗೆ ಏನು ಹರಿಯುತ್ತದೆ ಅಂತ. ಬಿಸಿಯ ಲೆಕ್ಕ ಆಮೇಲೆ.

ಕೂಲಂಟ್ ಹೋಸ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ ಹರಿಯುವ ಹೋಸ್, ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನದು. ನೀರು, ಕೂಲಂಟ್‌ನಲ್ಲಿರುವ ಗ್ಲೈಕಾಲ್, ಓಝೋನ್ ಯಾವುದಕ್ಕೂ ಅದು ಜಗ್ಗುವುದಿಲ್ಲ. ಆದರೆ ಎಂಜಿನ್ ಆಯಿಲ್ ತಾಗಿದರೆ ಊದಿ ಮೆತ್ತಗಾಗುತ್ತದೆ. ಇಪಿಡಿಎಂ ಕೂಡ ಹೈಡ್ರೋಕಾರ್ಬನ್, ಆಯಿಲ್ ಕೂಡ ಹೈಡ್ರೋಕಾರ್ಬನ್. ಎರಡೂ ಸಲೀಸಾಗಿ ಬೆರೆಯುತ್ತವೆ. ನೈಟ್ರೈಲ್ ರಬ್ಬರಿನದು ಇದಕ್ಕೆ ಉಲ್ಟಾ ಗುಣ. ಆಯಿಲ್‌ಗೆ ಬಗ್ಗುವುದಿಲ್ಲ, ಓಝೋನ್‌ಗೆ ಬಿರುಕು ಬಿಡುತ್ತದೆ. ಅದಕ್ಕೇ ನೈಟ್ರೈಲ್ ಹೋಸಿನ ಹೊರಗೆ ಬೇರೆ ರಬ್ಬರಿನ ಹೊದಿಕೆ ಹಾಕಿರುತ್ತಾರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ.

ಕೂಲಂಟ್ ಹೋಸ್ ಹೇಗೆ ಹಾಳಾಗುತ್ತದೆ? ಬಿಸಿಗೆ ಒಣಗಿ, ಹೊರಗಿನಿಂದ ಬಿರುಕು ಬಿಟ್ಟು, ಅಲ್ವಾ? ಹಾಗೂ ಆಗುತ್ತದೆ. ಆದರೆ ಹೊರಗಿನಿಂದ ಫಳಫಳ ಹೊಳೆಯುವ ಹೋಸ್ ಕೂಡ ಒಂದು ದಿನ ಇದ್ದಕ್ಕಿದ್ದಂತೆ ಸೀಳಿಬಿಡುತ್ತದೆ. ಅದಕ್ಕೆ ಕಾರಣ ಕರೆಂಟು!

ರಬ್ಬರಿಗೆ ಗಟ್ಟಿತನ ಬರಲಿ ಅಂತ ಕಾರ್ಬನ್ ಬ್ಲ್ಯಾಕ್ ಬೆರೆಸುತ್ತಾರೆ. ಹೋಸಿನ ಕಪ್ಪು ಬಣ್ಣ ಅದರಿಂದಲೇ ಬಂದದ್ದು. ಈ ಕಾರ್ಬನ್ ಸ್ವಲ್ಪ ಮಟ್ಟಿಗೆ ವಿದ್ಯುತ್ ಹರಿಯಲು ಬಿಡುತ್ತದೆ. ಹೋಸಿನ ತುದಿ ಕೂತಿರುವುದು ಲೋಹದ ಮೂತಿಯ ಮೇಲೆ. ಒಳಗೆ ಕೂಲಂಟ್, ಅದರಲ್ಲಿ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳಿವೆ. ಲೋಹ, ಕಾರ್ಬನ್, ನಡುವೆ ಎಲೆಕ್ಟ್ರೋಲೈಟ್, ಅಂದರೆ ಕರೆಂಟು ಹರಿಸುವ ದ್ರವ. ಬ್ಯಾಟರಿಗೆ ಇನ್ನೇನು ಬೇಕು ಹೇಳಿ? ಹೋಸಿನ ಒಳಗೇ ಒಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಆ ರಾಸಾಯನಿಕ ಕ್ರಿಯೆಗೆ ಒಳಪದರದಲ್ಲಿ ಕೂದಲೆಳೆಯಂಥ ಬಿರುಕುಗಳು ಉದ್ದುದ್ದಕ್ಕೆ ಏಳುತ್ತವೆ. ಬತ್ತಿ ಎಣ್ಣೆ ಹೀರುವ ಹಾಗೆ ನಡುವಿನ ನೂಲು ಕೂಲಂಟನ್ನು ಹೀರಿಕೊಳ್ಳುತ್ತದೆ. ನೂಲು ಸೋತ ಮೇಲೆ ಒತ್ತಡ ತಡೆಯುವವರು ಯಾರೂ ಇಲ್ಲ. ಸೂಜಿ ಮೊನೆಯಷ್ಟು ತೂತು, ಇಲ್ಲವೇ ನೇರವಾಗಿ ಸೀಳು. ಇಷ್ಟೆಲ್ಲ ಆಗುವಾಗಲೂ ಹೊರಗೆ ಏನೂ ಕಾಣುವುದಿಲ್ಲ!

ಹೆಚ್ಚಾಗಿ ಇದು ಆಗುವುದು ಹೋಸಿನ ತುದಿಗಳಲ್ಲಿ, ಕ್ಲಿಪ್ಪಿನಿಂದ ಸುಮಾರು 2 ಇಂಚಿನೊಳಗೆ. ಬಿಸಿ ಜಾಸ್ತಿ ಇರುವ ಮೇಲಿನ ರೇಡಿಯೇಟರ್ ಹೋಸ್, ಹೀಟರ್ ಹೋಸ್ ಮತ್ತು ಬೈಪಾಸ್ ಹೋಸ್ ಮೊದಲು ಬಲಿಯಾಗುತ್ತವೆ.

[ಪರದೆ: ಕ್ಲಿಪ್ಪಿನ ಪಕ್ಕ ಹೋಸನ್ನು ಒತ್ತುತ್ತಿರುವ ಬೆರಳುಗಳು]

ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಇದನ್ನು ಮರೆಯಬೇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಿಂದ ಕ್ಲಿಪ್ಪಿನ ಪಕ್ಕದಲ್ಲೇ ಒತ್ತಿ. ಇಡೀ ಕೈಯಲ್ಲಿ ಹಿಸುಕಿದರೆ ಗೊತ್ತಾಗುವುದಿಲ್ಲ. ಆಮೇಲೆ ಹೋಸಿನ ನಡುಭಾಗ ಒತ್ತಿ ನೋಡಿ. ನಡುವೆ ಗಟ್ಟಿಯಿದ್ದು ತುದಿ ಮೆತ್ತಗಿದ್ದರೆ, ಅಥವಾ ಒಳಗೆ ಉದ್ದಕ್ಕೆ ಕಾಲುವೆಯಂಥ ಗೀರು ಸಿಕ್ಕಿದರೆ, ಆ ಹೋಸ್ ಬದಲಾಯಿಸಿ. ಕಾಯಬೇಡಿ.

ಇದಕ್ಕೆ ಮದ್ದೂ ಇದೆ. ವಿದ್ಯುತ್ ಅಷ್ಟಾಗಿ ಹರಿಯದಂತೆ ತಯಾರಿಸಿದ, ಪೆರಾಕ್ಸೈಡ್‌ನಿಂದ ಹದ ಮಾಡಿದ ಇಪಿಡಿಎಂ ಸಿಗುತ್ತದೆ. ಅದು 150 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ಈ ತೊಂದರೆ ಪರೀಕ್ಷಿಸಲೆಂದೇ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ1684 ಎಂಬ ಮಾನದಂಡ ಇದೆ.

ಇನ್ನು ಸಿಲಿಕೋನ್. ಕೂಲಂಟ್‌ಗೆ ಹಾಕಬಹುದು, ಬಿಸಿಗೆ ಅದು ನಿಜವಾಗಿಯೂ ಗಟ್ಟಿ. ಆದರೆ ನೀರಿನ ಆವಿ ಅದರ ಗೋಡೆಯ ಮೂಲಕ ನಿಧಾನಕ್ಕೆ ಹೊರಗೆ ಹೋಗುತ್ತದೆ. ಎಲ್ಲೂ ಸೋರಿಕೆ ಇಲ್ಲದಿದ್ದರೂ ಕೂಲಂಟ್ ಮಟ್ಟ ಇಳಿಯಬಹುದು, ಆಗಾಗ ನೋಡುತ್ತಿರಿ. ಕ್ಲಿಪ್ ಕೂಡ ಒಳಗೆ ನುಣುಪಾದ ಪಟ್ಟಿ ಇರುವಂಥದ್ದೇ ಬೇಕು. ಮಾಮೂಲಿ ಕ್ಲಿಪ್ಪಿನ ಗೀರುಗಳು ಸಿಲಿಕೋನನ್ನು ಕೊಯ್ದುಬಿಡುತ್ತವೆ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಸಿಲಿಕೋನ್ ಅದನ್ನು ಹೀರಿ ಊದುತ್ತದೆ, ಗೋಡೆಯಿಂದ ಆವಿಯಾಗಿ ಹೊರಗೂ ಬಿಡುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಆವಿ ಅಂದರೆ ಬೆಂಕಿ. ಹೋಸಿನ ಮೇಲಿನ ಅಚ್ಚು ಓದಿ. ಎಸ್‌ಎಇ 30ಆರ್7 ಅಂತ ಇದ್ದರೆ ಕಡಿಮೆ ಒತ್ತಡದ ಲೈನಿಗೆ, ಅಂದರೆ ಕಾರ್ಬ್ಯುರೇಟರ್ ಗಾಡಿಗೆ. ಫ್ಯುಯಲ್ ಇಂಜೆಕ್ಷನ್ ಇದ್ದರೆ 30ಆರ್9 ಬೇಕು. ಅದರ ಒಳಪದರ ಸಾಮಾನ್ಯವಾಗಿ ಫ್ಲೋರೋ ರಬ್ಬರಿನದು. ಎಥನಾಲ್ ಬೆರೆತ ಪೆಟ್ರೋಲಿಗೂ ಇದೇ ಒಳ್ಳೆಯದು. ಟ್ಯಾಂಕಿನ ಒಳಗೆ ಮುಳುಗಿರುವ ಹೋಸಿಗೆ ಮಾತ್ರ 30ಆರ್10. ಆರ್9ನ ಹೊರಪದರ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಟರ್ಬೋ ಹೋಸಿಗೆ ಸಿಲಿಕೋನ್ ಸರಿ, ಆದರೆ ಗಾಳಿಯ ಜೊತೆ ಆಯಿಲ್ ಹನಿಯೂ ಬರುವುದರಿಂದ ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದನ್ನು ಆರಿಸಿ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಹೋಸ್ ಗೋಡೆ ದಪ್ಪಗಿರಲಿ, ತೆಳ್ಳಗಿದ್ದರೆ ಎಳೆತಕ್ಕೆ ಒಳಗೇ ಕುಸಿಯುತ್ತದೆ. ಟೆಫ್ಲಾನ್ ಹೋಸ್ ಹೆಚ್ಚುಕಡಿಮೆ ಎಲ್ಲ ದ್ರವಕ್ಕೂ ಒಗ್ಗುತ್ತದೆ, ಆದರೆ ಜಾಸ್ತಿ ಬಗ್ಗಿಸಿದರೆ ಮಡಿಕೆ ಬಿದ್ದು ಹಾಳಾಗುತ್ತದೆ. ಬ್ರೇಕ್ ಹೋಸನ್ನು ಮಾತ್ರ ನೀವೇ ಕತ್ತರಿಸಿ ಜೋಡಿಸಲು ಹೋಗಬೇಡಿ. ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸಿ, ಒತ್ತಡದ ಪರೀಕ್ಷೆ ಮಾಡಿರುವ ತಯಾರಿ ಹೋಸನ್ನೇ ನಿಮ್ಮ ಗಾಡಿಯ ಮಾಡೆಲ್ ಹೇಳಿ ತೆಗೆದುಕೊಳ್ಳಿ.