ಬಾಲದ ಕಡೆಯಿಂದ ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಕ್ ಓಡಿಸುವುದನ್ನು ಕಲಿಯುವ ಎಷ್ಟೋ ವರ್ಷ ಮೊದಲೇ ನಾನು ದನ ಕಾಯುವುದನ್ನು ಕಲಿತಿದ್ದೆ. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಶಾಲೆ ಬಿಟ್ಟೊಡನೆ ಹಕ್ಕಲಿಗೆ ಹೋಗಿ ದನ ಹೊಡೆದುಕೊಂಡು ಬರುವುದು ನನ್ನ ಪಾಲಿನ ಕೆಲಸ. ಮುಂದೆ ಪಶುಪಾಲನಾ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ರಿಪ್ಪನ್‌ಪೇಟೆ, ಕೋಣಂದೂರು, ತೀರ್ಥಹಳ್ಳಿಯ ಸುತ್ತಿನ ಊರುಗಳಿಗೆ ಔಷಧಿಯ ಚೀಲ ಕಟ್ಟಿಕೊಂಡು ಬೈಕಿನಲ್ಲೇ ತಿರುಗಿದೆ. ಆ ರಸ್ತೆಗಳಲ್ಲಿ ನನ್ನನ್ನು ಕಾಪಾಡಿದ್ದು ಬ್ರೇಕಿಗಿಂತ ಹೆಚ್ಚಾಗಿ ದನ ಕಾಯುವ ಹುಡುಗನ ಕಣ್ಣು. ಇವತ್ತು ಬೈಕ್ ಏರುವ ಹುಡುಗರಲ್ಲಿ ಬಹಳ ಮಂದಿಗೆ ದನ ಕಾದು ಗೊತ್ತಿಲ್ಲ. ಅವರಿಗಾಗಿಯೇ ಈ ಮಾತು.

ಮೊದಲು, ದನ ರಸ್ತೆಗೆ ಯಾಕೆ ಬರುತ್ತದೆ? ಆರಿದ್ರಾ ಮಳೆ ಹಿಡಿಯಿತೆಂದರೆ ಹಕ್ಕಲೆಲ್ಲ ಜವುಗು. ಹುಲ್ಲಿನ ತುಂಬ ಉಂಬಳ, ಮೈತುಂಬ ನೊಣ. ಡಾಂಬರು ರಸ್ತೆ ಬೇಗ ಆರುತ್ತದೆ, ಅಲ್ಲಿ ಗಾಳಿಯಾಡುತ್ತದೆ. ಸ್ವಲ್ಪ ಬಿಸಿಲು ಬಿದ್ದಿದ್ದರೆ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಅದು ಅಲ್ಲಿ ಮಲಗಿರುವುದು ನಮ್ಮನ್ನು ಅಡ್ಡಗಟ್ಟಲು ಅಲ್ಲ, ಆ ಊರಿನಲ್ಲಿ ಅದಕ್ಕೆ ಸಿಕ್ಕಿದ ಒಣ ಜಾಗ ಅಷ್ಟೇ ಎಂಬ ಕಾರಣಕ್ಕೆ. ಇದು ತಿಳಿದಿದ್ದರೆ ಮಳೆ ಬಿಟ್ಟ ಸಂಜೆ ಪ್ರತಿ ತಿರುವಿನ ಆಚೆಗೂ ಒಂದು ದನ ಇದೆ ಎಂದುಕೊಂಡೇ ಬೈಕ್ ತಿರುಗಿಸುತ್ತೀರಿ.

ಮಲಗಿದ ದನ ಏಳುವುದನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಮೊದಲು ತಲೆಯನ್ನು ಮುಂದಕ್ಕೆ ಚಾಚುತ್ತದೆ. ಮುಂಗಾಲಿನ ಮಂಡಿಯೂರಿ ಹಿಂಭಾಗವನ್ನು ಮೇಲೆತ್ತುತ್ತದೆ. ಒಂದು ಕ್ಷಣ ನಮಸ್ಕಾರ ಮಾಡುವಂತೆ ಹಾಗೆಯೇ ನಿಂತು, ಆಮೇಲೆ ಒಂದೊಂದಾಗಿ ಮುಂಗಾಲು ಊರುತ್ತದೆ. ಕುದುರೆಯದು ಇದಕ್ಕೆ ತಿರುವುಮುರುವು, ಅದು ಮುಂಗಾಲನ್ನೇ ಮೊದಲು ಊರುತ್ತದೆ. ದನದ ಹಿಂಭಾಗ ಎದ್ದಿತೆಂದರೆ ಅದು ಹೊರಟಿತೆಂದೇ ಲೆಕ್ಕ, ಹೆಚ್ಚಾಗಿ ಮುಖ ಇರುವ ಕಡೆಗೇ ಹೊರಡುತ್ತದೆ. ಆದ್ದರಿಂದ ಮುಖದ ಮುಂದೆ ತೂರಿಕೊಳ್ಳಬೇಡಿ, ಬಾಲದ ಕಡೆಯಿಂದ ಹೋಗಿ. ಅದೂ ಬಾಲ ಸವರಿಕೊಂಡಲ್ಲ, ಒದ್ದರೂ ತಾಗದಷ್ಟು ದೂರ ಬಿಟ್ಟು.

ದನದ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ತಲೆ ಹೊರಳಿಸದೆಯೇ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ, ನೇರ ಹಿಂದಿರುವುದು ಮಾತ್ರ ಕಾಣುವುದಿಲ್ಲ. ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂಬುದರ ಅಂದಾಜು ಅದಕ್ಕೆ ನಮ್ಮಷ್ಟಿಲ್ಲ. ಶಬ್ದ ಚೆನ್ನಾಗಿಯೇ ಕೇಳುತ್ತದೆ, ಆದರೆ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದರಲ್ಲಿ ಅದರ ಕಿವಿ ನಮ್ಮ ಕಿವಿಯಷ್ಟು ಚುರುಕಲ್ಲ. ತೀರ ಹತ್ತಿರ ಬಂದು ಜೋರಾಗಿ ಹಾರ್ನ್ ಹೊಡೆದರೆ ಅದು ಬೆದರಿ ಯಾವ ಕಡೆಗಾದರೂ ನುಗ್ಗುವುದು ಇದರಿಂದಲೇ. ಹಾರ್ನ್ ಮಾಡುವುದಾದರೆ ದೂರದಿಂದಲೇ ಚಿಕ್ಕದಾಗಿ ಒಂದು ಸಲ ಮಾಡಿ ಸುಮ್ಮನಾಗಿ, ಕಿವಿ ತಿರುಗುತ್ತದೆಯೇ ನೋಡಿ. ಕಿವಿ ತಿರುಗಿಸಿ, ತಲೆಯೆತ್ತಿ, ಮೆಲುಕು ನಿಲ್ಲಿಸಿದ ದನಕ್ಕೆ ನೀವು ಬಂದದ್ದು ಗೊತ್ತಾಗಿದೆ. ಮೆಲುಕು ಹಾಕುತ್ತಲೇ ಇದ್ದರೆ ಇನ್ನೂ ಗೊತ್ತಾಗಿಲ್ಲ, ಇಲ್ಲವೇ ಅದಕ್ಕೆ ನೀವು ಲೆಕ್ಕಕ್ಕಿಲ್ಲ. ಎರಡರಲ್ಲಿ ಯಾವುದಾದರೂ ನಿಧಾನಿಸಬೇಕಾದವರು ನೀವೇ.

ನಮ್ಮ ಮಲೆನಾಡು ಗಿಡ್ಡ ತಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾತ್ರ ಚಿಕ್ಕದು, ಕಾಲು ಚುರುಕು. ರಸ್ತೆ ಪಕ್ಕದ ಧರೆಯ ಮೇಲಿಂದ ಇಳಿದು ಬರುವಾಗ ಜಿಂಕೆಯ ಮರಿಯೇ ಸೈ. ಆದರೆ ಅದರ ಗೊರಸು ಹಕ್ಕಲಿನ ಮಣ್ಣಿಗೆ ಹೇಳಿ ಮಾಡಿಸಿದ್ದು. ಒದ್ದೆ ಡಾಂಬರಿನ ಮೇಲೆ ಜಾರುತ್ತದೆ, ನಿಲ್ಲಬೇಕೆಂದರೂ ತಟ್ಟನೆ ನಿಲ್ಲಲು ಅದಕ್ಕೆ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕರು. ಹಸು ರಸ್ತೆಯ ಒಂದು ಬದಿಯಲ್ಲಿ, ಕರು ಇನ್ನೊಂದು ಬದಿಯಲ್ಲಿ ಇದ್ದರೆ ಆ ರಸ್ತೆ ಖಾಲಿ ಎಂದುಕೊಳ್ಳಲೇಬೇಡಿ. ಒಂದು ಆಷಾಢದ ಸಂಜೆ ಹೀಗೇ ಆಯಿತು. ಇಪ್ಪತ್ತರ ಪ್ರಾಯದ ಒಬ್ಬ ಹುಡುಗ ಬೈಕಿನಲ್ಲಿ ಬರುತ್ತಿದ್ದ. ಬಲಗಡೆ ಒಂದು ಹಸು ತನ್ನ ಪಾಡಿಗೆ ಮೇಯುತ್ತಿತ್ತು. ಎಡಗಡೆಯ ಅಗಳದೊಳಗೆ ಕರು ಇದ್ದದ್ದು ಅವನಿಗೆ ಕಾಣಲಿಲ್ಲ. ಬೈಕಿನ ಸದ್ದಿಗೆ ಕರು ಅಂಬಾ ಎಂದಿತು, ಹಸು ತಲೆಯನ್ನೂ ಎತ್ತದೆ ಅಡ್ಡ ನುಗ್ಗಿತು. ನನಗೆ ಕರೆ ಬಂತು. ಅದರ ಉಳಿದ ಕಥೆಯನ್ನು ಆಮೇಲೆ ಹೇಳುತ್ತೇನೆ.

ಈಗ ವೇಗದ ವಿಚಾರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ 17 ಮೀಟರ್ ಹೋಗುತ್ತದೆ. ಕಂಡದ್ದು ದನ ಎಂದು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡ್ ಮುಗಿದಿರುತ್ತದೆ. 40ರಲ್ಲಿ ಅದು 11 ಮೀಟರ್. ಬ್ರೇಕ್ ಹಿಡಿದ ಮೇಲೆ ಬೈಕ್ ನಿಲ್ಲಲು ಬೇಕಾಗುವ ದೂರವಂತೂ ವೇಗ ಅರ್ಧಕ್ಕೆ ಇಳಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ದನ ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು, ಬೈಕನ್ನು ನೆಟ್ಟಗೆ ಇಟ್ಟುಕೊಂಡು, ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ಒಮ್ಮೆಲೇ ಗಬಕ್ಕನೆ ಹಿಡಿಯದೆ ಹಂತಹಂತವಾಗಿ ಬಿಗಿಗೊಳಿಸಿ. ಬೈಕ್ ವಾಲಿರುವಾಗ, ಅದರಲ್ಲೂ ಉದುರಿದ ಎಲೆಯ ಮೇಲೆ, ಗಟ್ಟಿಯಾಗಿ ಬ್ರೇಕ್ ಹಿಡಿದರೆ ದನ ಮುಟ್ಟುವ ಮೊದಲೇ ನೆಲ ಮುಟ್ಟುತ್ತೀರಿ. ಕಣ್ಣು ದನದ ಮೇಲೆ ನೆಟ್ಟರೆ ಬೈಕೂ ಅಲ್ಲಿಗೇ ಹೋಗುತ್ತದೆ. ನೀವು ಹೋಗಬೇಕಾದ ಖಾಲಿ ಜಾಗವನ್ನು ನೋಡಿ.

ಹೇಳಲು ಕಷ್ಟವಾದ ಮಾತೊಂದಿದೆ. ಕೋಳಿಯೋ ಅಳಿಲೋ ಹಾವೋ ಚಕ್ರದ ಮುಂದೆ ಬಂದರೆ ಬ್ರೇಕ್ ಹಿಡಿಯಿರಿ, ಆದರೆ ಹ್ಯಾಂಡಲ್ ತಿರುಚಬೇಡಿ. ಜೀವ ಉಳಿಸುವುದೇ ಕಸುಬಾಗಿದ್ದ ನಾನು ಇದನ್ನು ಹೇಳುತ್ತಿದ್ದೇನೆ. ಎದುರಿನಿಂದ ಬಸ್ ಬರುತ್ತಿರಬಹುದು, ಹಿಂದೆ ನಿಮ್ಮ ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರಬಹುದು.

ರಾತ್ರಿಯ ಸಂಗತಿ ಬೇರೆ. ದನ, ನಾಯಿ, ಕಡವೆ, ಕಾಡುಕೋಣಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪದರ ಇರುತ್ತದೆ. ಅದಕ್ಕೇ ಹೆಡ್‌ಲೈಟಿಗೆ ಅವುಗಳ ಕಣ್ಣು ಹೊಳೆಯುತ್ತದೆ. ಹಂದಿಯ ಕಣ್ಣಿನಲ್ಲಿ ಆ ಪದರವಿಲ್ಲ. ಕಾಡುಹಂದಿ ಕತ್ತಲೆಯ ಬಣ್ಣದ್ದೇ ಆಗಿ, ಕಣ್ಣೂ ಹೊಳೆಯದೆ, ಗದ್ದೆಯಿಂದ ನೇರ ರಸ್ತೆಗೆ ಬರುತ್ತದೆ, ಹಿಂದೆ ಮರಿಗಳ ಸಾಲೇ ಇರಬಹುದು. ಮುಖ ಆಚೆಗೆ ಮಾಡಿ ಮಲಗಿದ ಎಮ್ಮೆಯೂ ಹಾಗೆಯೇ ಕಾಣುವುದಿಲ್ಲ. ಕಣ್ಣು ಹೊಳೆಯಲಿಲ್ಲ ಎಂದರೆ ಪ್ರಾಣಿ ಇಲ್ಲ ಎಂದು ಅರ್ಥವಲ್ಲ. ಶೆಟ್ಟಿಹಳ್ಳಿ ಅಭಯಾರಣ್ಯದೊಳಗೆ ಹಣಗೆರೆಕಟ್ಟೆಯ ಕಡೆಗೆ ಹೋಗುವವರು ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳುವುದು ಒಳ್ಳೆಯದು. ಬೆಳೆದ ಗಂಡು ಕಾಡುಕೋಣ ಒಂದು ಟನ್ನಿನ ಹತ್ತಿರ ತೂಗುತ್ತದೆ. ಎದುರಾದರೆ ದೂರದಲ್ಲೇ ನಿಲ್ಲಿಸಿ, ಅದು ದಾಟಲಿ. ಒಂದು ದಾಟಿದ ಮೇಲೆ ಗಾಡಿ ಹೊರಡಿಸುವ ಅವಸರ ಬೇಡ, ಹಿಂಡಿನಲ್ಲಿ ಎಷ್ಟಿವೆಯೋ. ಫೋಟೊ ತೆಗೆಯಲು ಇಳಿಯುವುದಂತೂ ಬೇಡವೇ ಬೇಡ.

ನಾಯಿಗೆ ಚಕ್ರ ಕಂಡರೆ ಆಗದು. ಕಾಲಿನಿಂದ ಒದೆಯಲು ಹೋದವನೇ ಮೊದಲು ಬೀಳುವುದು. ಓಡಿ ಬರುವ ನಾಯಿ ನಿಮ್ಮ ವೇಗ ನೋಡಿ ಎಲ್ಲಿ ಹಿಡಿಯಬೇಕೆಂದು ಲೆಕ್ಕ ಹಾಕಿಕೊಂಡೇ ಬರುತ್ತದೆ. ಮೊದಲು ನಿಧಾನಿಸಿ, ಅದು ಹತ್ತಿರವಾಗುತ್ತಿದ್ದಂತೆ ರಸ್ತೆ ಖಾಲಿಯಿದ್ದರೆ ಸ್ವಲ್ಪ ವೇಗವಾಗಿ ಮುಂದೆ ಸಾಗಿ. ತನ್ನ ಮನೆಯ ಬೇಲಿ ಮುಗಿದ ಕಡೆ ಅದು ನಿಲ್ಲುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಕೋತಿಗಳಿಗೆ ಚಿಪ್ಸು, ಬಾಳೆಹಣ್ಣು ಎಸೆಯುವವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ, ಎಸೆಯಬೇಡಿ. ನೀವು ಎಸೆದ ಹಣ್ಣಿಗಾಗಿ ಅದು ನಾಳೆ ಮತ್ತೊಬ್ಬರ ಚಕ್ರದಡಿಗೆ ಬರುತ್ತದೆ.

ದನ ಸಾಕಿದವರಿಗೂ ಒಂದು ಮಾತು. ದೀಪಾವಳಿಯ ಗೋಪೂಜೆಗೆ ಕೊರಳಿಗೆ ಹೊಸ ಹಗ್ಗ ಹಾಕುತ್ತೀರಿ. ಅದರ ಜೊತೆಗೆ ಬೆಳಕಿಗೆ ಹೊಳೆಯುವ ಪಟ್ಟಿಯೊಂದನ್ನು ಹೊಲಿದುಬಿಡಿ, ಇದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಇನ್ನು ಆ ಹುಡುಗ. ಕರೆ ಬಂದ ಮೇಲೆ ಮಳೆಯಲ್ಲಿ ನಾನು ತಲುಪುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವನ ಎರಡೂ ಅಂಗೈ ತರಚಿತ್ತು, ಪ್ಯಾಂಟಿನ ಮಂಡಿ ಹರಿದಿತ್ತು. ಆದರೂ ರಸ್ತೆ ಪಕ್ಕದಲ್ಲಿ ಹಸುವಿನ ಪಕ್ಕೆಗೆ ತನ್ನ ಬೆನ್ನು ಆನಿಸಿ, ಕಾಲು ಚಾಚಿ ಕುಳಿತಿದ್ದ. ಹಸುವಿನ ಒಡತಿ, ಎಪ್ಪತ್ತರ ಆಸುಪಾಸಿನ ಅಜ್ಜಿ, ಅವನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. "ಅದು ಅಡ್ಡ ಮಲಗಿದರೆ ಹೊಟ್ಟೆ ಉಬ್ಬುತ್ತದೆ, ನೀನು ಒರಗಿಕೊಂಡಿರು ಮಗನೇ ಎಂದೆ. ಆಗಿನಿಂದ ಅಲುಗಾಡಿಲ್ಲ" ಎಂದರು. ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಮೆಲುಕು ಹಾಕುವ ಪ್ರಾಣಿ ಪಕ್ಕಕ್ಕೆ ಬಿದ್ದುಕೊಂಡೇ ಇದ್ದರೆ ಹೊಟ್ಟೆಯ ಗಾಳಿ ಹೊರಗೆ ಬರುವುದಿಲ್ಲ, ಉಸಿರು ಕಟ್ಟುತ್ತದೆ. ಎದೆಯ ಮೇಲೆ ಕೂರುವಂತೆ ಮಾಡಿ ಹುಲ್ಲಿನ ಹೊರೆಯನ್ನೋ ಗೋಣಿಚೀಲವನ್ನೋ ಆನಿಸಬೇಕು. ಬಾಯಿಗೆ ನೀರು ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಲ ಹಿಡಿದು ಎಳೆಯಬಾರದು. ಈಗ ಪಶು ಚಿಕಿತ್ಸೆಯ ವಾಹನಕ್ಕಾಗಿ 1962ಕ್ಕೆ ಕರೆ ಮಾಡಬಹುದು, ಮನುಷ್ಯರಿಗೆ ಪೆಟ್ಟಾಗಿದ್ದರೆ 108ಕ್ಕೆ.

ಹಸುವಿನ ಮೂಳೆ ಮುರಿದಿರಲಿಲ್ಲ. ತೊಡೆಗೆ ಬಲವಾದ ಪೆಟ್ಟು ಬಿದ್ದಿತ್ತು. ಚುಚ್ಚುಮದ್ದು ಕೊಟ್ಟೆ. ನಾಲ್ಕಾರು ಜನ ಸೇರಿ ಅದನ್ನು ಮರದ ಹಲಗೆಯ ಮೇಲೆ ಕೊಟ್ಟಿಗೆಗೆ ಸಾಗಿಸಿದರು. ಹುಡುಗ ಆ ರಾತ್ರಿ ಅಜ್ಜಿಯ ಮನೆಯಲ್ಲೇ ಉಳಿದ. ಬೆಳಿಗ್ಗೆ ಆರೂವರೆಗೆ ಅವನದೇ ಫೋನು. "ಸರ್, ಎದ್ದಿತು. ಮೊದಲು ಹಿಂದಿನ ಕಾಲು, ಆಮೇಲೆ ಮುಂದಿನದು. ಕರು ಹಾಲು ಕುಡಿಯುತ್ತಿದೆ" ಎಂದ.

ನಮಸ್ಕಾರ.