ಕೂಲಿಗೂ ಮಾತಿಗೂ ಒಂದೇ ಹೋರಾಟ: ಎಲಿಜಬೆತ್ ಗರ್ಲಿ ಫ್ಲಿನ್

ಕೇಳುಗರಿಗೆ ನಮಸ್ಕಾರ. ರೇಡಿಯೋ ಹಾಕಿಕೊಂಡು ಬೀಡಿ ಸುತ್ತುತ್ತಿರುವವರು, ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟುತ್ತಿರುವವರು ಇದ್ದೀರಿ ಎಂದುಕೊಂಡೇ ಮಾತನಾಡುತ್ತೇನೆ. ನಾನು ಹೇಳಬೇಕಾದದ್ದು ಒಂದೇ ಸಂಗತಿ: ಕೂಲಿ ಕೇಳುವ ಹಕ್ಕು, ಬಾಯಿ ಬಿಟ್ಟು ಮಾತನಾಡುವ ಹಕ್ಕು ಬೇರೆ ಬೇರೆಯಲ್ಲ. ಇದನ್ನು ನನಗೆ ಮನದಟ್ಟು ಮಾಡಿದವರು ಅಮೆರಿಕದ ಕಾರ್ಮಿಕ ಹೋರಾಟಗಾರ್ತಿ ಎಲಿಜಬೆತ್ ಗರ್ಲಿ ಫ್ಲಿನ್.

ಅವರು ಹುಟ್ಟಿದ್ದು 1890ರಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್‌ನಲ್ಲಿ, ಐರಿಷ್ ಮೂಲದ ಬಡ ಕುಟುಂಬದಲ್ಲಿ. ಹದಿನೈದರ ಹರೆಯದಲ್ಲೇ ನ್ಯೂಯಾರ್ಕಿನಲ್ಲಿ ವೇದಿಕೆ ಹತ್ತಿ, ಹೆಂಗಸರಿಗೆ ಸಮಾಜವಾದದಿಂದ ಏನು ಸಿಗುತ್ತದೆ ಎಂದು ಭಾಷಣ ಮಾಡಿದರು. ಅವರಿಗಾಗಿ ಹಾಡು ಕಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನನಗೆ ಅದು ಬೇಡ. ನಾನು ಹೇಳುವುದು 1909ರ ಸ್ಪೋಕೇನ್ ಪಟ್ಟಣದ ಕಥೆ.

ಸ್ಪೋಕೇನ್ ಇರುವುದು ವಾಷಿಂಗ್ಟನ್ ರಾಜ್ಯದಲ್ಲಿ. ಮರ ಕಡಿಯುವವರು, ರೈಲು ಹಳಿ ಹಾಕುವವರು, ಸುಗ್ಗಿಯ ಆಳುಗಳು ಕೆಲಸ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಕೆಲಸ ಕೊಡಿಸುವುದು ದಲ್ಲಾಳಿ. ಒಂದು ಡಾಲರ್ ಮೊದಲು ಎಣಿಸಬೇಕು. ಸಾಲ ಮಾಡಿ ಡಾಲರ್ ಕೊಟ್ಟು ದೂರದ ಕಾಡಿಗೆ ಹೋದರೆ, ನಾಲ್ಕು ದಿನಕ್ಕೆ ಮೇಸ್ತ್ರಿ ಕೆಲಸದಿಂದ ತೆಗೆದುಹಾಕುತ್ತಿದ್ದ. ಯಾಕೆ? ಹೊಸ ಆಳು ಬಂದರೆ ಹೊಸ ಡಾಲರ್, ಅದರಲ್ಲಿ ಮೇಸ್ತ್ರಿಗೂ ಪಾಲು. ಒಂದು ತಂಡ ಹೋಗುತ್ತಿದ್ದರೆ ಇನ್ನೊಂದು ದುಡಿಯುತ್ತಿತ್ತು, ಮತ್ತೊಂದು ಬರಿಗೈಯಲ್ಲಿ ಹಿಂದಿರುಗುತ್ತಿತ್ತು.

ಎಲಿಜಬೆತ್ ಇದ್ದ ಐಡಬ್ಲ್ಯುಡಬ್ಲ್ಯು ಎಂಬ ಕಾರ್ಮಿಕ ಸಂಘ ದಲ್ಲಾಳಿಗಳ ಅಂಗಡಿಯ ಎದುರೇ ನಿಂತು 'ಕೆಲಸವನ್ನು ದುಡ್ಡು ಕೊಟ್ಟು ಕೊಳ್ಳಬೇಡಿ' ಎಂದು ಸಾರಿತು. ಪಟ್ಟಣದ ಆಡಳಿತ ಏನು ಮಾಡಿತು ಗೊತ್ತೇ? ದಲ್ಲಾಳಿಯನ್ನು ಹಿಡಿಯಲಿಲ್ಲ, ಬೀದಿಯಲ್ಲಿ ಭಾಷಣ ಮಾಡುವುದನ್ನೇ ನಿಷೇಧಿಸಿತು. ಕೂಲಿಯ ಜಗಳ ಮಾತಿನ ಜಗಳವಾಯಿತು.

ನವೆಂಬರ್ 2ರಂದು ಕಾರ್ಮಿಕರು ಬೀದಿಗಿಳಿದರು. ಸೋಪಿನ ಖಾಲಿ ಪೆಟ್ಟಿಗೆಯೇ ವೇದಿಕೆ. ಒಬ್ಬ ಹತ್ತಿ 'ಕಾರ್ಮಿಕ ಬಂಧುಗಳೇ' ಎನ್ನುವಷ್ಟರಲ್ಲಿ ಪೊಲೀಸರು ಕೆಳಗೆಳೆಯುತ್ತಿದ್ದರು. ಪೆಟ್ಟಿಗೆ ಖಾಲಿಯಾದ ಕೂಡಲೇ ಇನ್ನೊಬ್ಬ ಹತ್ತುತ್ತಿದ್ದ. ಇಂಥ ಹೋರಾಟಗಳ ಬಗ್ಗೆ ಹೇಳುವ ಕಥೆಯೊಂದಿದೆ. ಯಾವತ್ತೂ ಭಾಷಣ ಮಾಡಿರದ ಒಬ್ಬ ಪೆಟ್ಟಿಗೆ ಹತ್ತಿ 'ಕಾರ್ಮಿಕ ಬಂಧುಗಳೇ' ಎಂದ. ಪೊಲೀಸರು ಬರಲಿಲ್ಲ. ಮುಂದೆ ಏನು ಹೇಳಬೇಕೆಂದು ತೋಚದೆ ಆ ಬಡಪಾಯಿ 'ಪೊಲೀಸರೆಲ್ಲಿ?' ಎಂದು ಕೂಗಿದನಂತೆ! ನನಗೆ ಆ ಮನುಷ್ಯನ ಮೇಲೆ ಬಹಳ ಪ್ರೀತಿ. ಮಾತು ಬಾರದವನೂ ಮಾತಿನ ಹಕ್ಕಿಗಾಗಿ ಪೆಟ್ಟಿಗೆ ಹತ್ತಿದ ನೋಡಿ.

ಐನೂರಕ್ಕೂ ಹೆಚ್ಚು ಜನ ಜೈಲು ಸೇರಿದರು. ಬ್ರೆಡ್ಡು, ನೀರು ಇಷ್ಟೇ ಊಟ. ಜೈಲು ತುಂಬಿದ ಮೇಲೆ ಬೆಂಕಿಯ ಕಾವೂ ಇಲ್ಲದ ಶಾಲಾ ಕಟ್ಟಡಕ್ಕೆ ದೂಡಿದರು. ಆಗ ಎಲಿಜಬೆತ್‌ಗೆ ಹತ್ತೊಂಬತ್ತು ವರ್ಷ, ಬಸುರಿ. ಅವರನ್ನೂ ಬಂಧಿಸಿದರು. ಜೈಲಿನಲ್ಲಿ ಹೆಂಗಸರನ್ನು ವೇಶ್ಯಾವಾಟಿಕೆಗೆ ಬಳಸುತ್ತಿದ್ದಾರೆಂದು ಹೊರಬಂದ ಮೇಲೆ ಸಂಘದ ಪತ್ರಿಕೆಯಲ್ಲಿ ಬರೆದರು. ಪೊಲೀಸರು ಆ ಸಂಚಿಕೆಯನ್ನೇ ಮುಟ್ಟುಗೋಲು ಹಾಕಿಕೊಂಡರು. ಒಳಸಂಚಿನ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು. 1910ರ ಮಾರ್ಚಿನಲ್ಲಿ ಪಟ್ಟಣ ಮಣಿಯಿತು. ಬೀದಿಯ ಮಾತಿಗೆ ಬಿಡುಗಡೆ ಸಿಕ್ಕಿತು, ಹಲವು ದಲ್ಲಾಳಿಗಳ ಲೈಸೆನ್ಸ್‌ಗಳೂ ರದ್ದಾದವು. ಎರಡೂ ಒಟ್ಟಿಗೇ ಬಂದವು, ಅದನ್ನು ಗಮನಿಸಿ.

ಸ್ಪೋಕೇನ್ ಕಥೆ ಹಿಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಗಡಿಯಾರ ಮುಂದೆ ಹೋಗಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ನಡೆದ 1912ರ ಮುಷ್ಕರವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ವಾರದ ದುಡಿಮೆ 56 ಗಂಟೆಯಿಂದ 54ಕ್ಕೆ ಇಳಿಯಿತು, ಮಾಲೀಕರು ಕೂಲಿಯನ್ನೂ ಇಳಿಸಿದರು. ಜವಳಿ ಗಿರಣಿಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹೊರಬಂದರು. ಹಸಿದ ಮಕ್ಕಳನ್ನು ಬೇರೆ ಊರಿನ ಮನೆಗಳಿಗೆ ಕಳುಹಿಸುವ ಏರ್ಪಾಡಿನಲ್ಲಿ ಎಲಿಜಬೆತ್ ಇದ್ದರು. ರೈಲು ನಿಲ್ದಾಣದಲ್ಲಿ ತಾಯಂದಿರನ್ನು ಪೊಲೀಸರು ಬಡಿದರು, ದೇಶ ಸಿಟ್ಟಿಗೆದ್ದಿತು, ಮುಷ್ಕರ ಗೆದ್ದಿತು.

1920ರಲ್ಲಿ ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಸಂಘ ಹುಟ್ಟಿದಾಗ ಅವರು ಸ್ಥಾಪಕರಲ್ಲೊಬ್ಬರು. ಎಲ್ಲರ ಮಾತಿನ ಹಕ್ಕನ್ನೂ ಕಾಯಬೇಕಾದ ಸಂಘ ಅದು. ಅದೇ ಸಂಘ 1940ರಲ್ಲಿ, ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಎಂಬ ಕಾರಣಕ್ಕೆ ಅವರನ್ನು ಕಾರ್ಯಮಂಡಳಿಯಿಂದ ಹೊರಹಾಕಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಎಲಿಜಬೆತ್ ಅವರ ಒಬ್ಬನೇ ಮಗ ತೀರಿಕೊಂಡು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ನಡುರಾತ್ರಿ ದಾಟಿದರೂ ವಿಚಾರಣೆ ಮುಗಿಯಲಿಲ್ಲ, ಮಂಡಳಿಯ ಅಧ್ಯಕ್ಷರ ಮತವೂ ಅವರ ವಿರುದ್ಧ ಬಿತ್ತು. ಅವರ ರಾಜಕೀಯವನ್ನು ನೀವು ಒಪ್ಪಬೇಕಾಗಿಲ್ಲ. ಆದರೆ ಒಪ್ಪದವರ ಬಾಯನ್ನೂ ಕಾಯದಿದ್ದರೆ ಆ ಸಂಘ ಯಾತಕ್ಕೆ?

ಆಮೇಲೆ, ಸರ್ಕಾರವನ್ನು ಬಲದಿಂದ ಉರುಳಿಸಬೇಕೆಂದು ಪ್ರಚಾರ ಮಾಡುವುದನ್ನು ಅಪರಾಧವೆನ್ನುವ ಸ್ಮಿತ್ ಕಾಯ್ದೆಯಡಿ ಶಿಕ್ಷೆಯಾಗಿ, ಅರವತ್ತು ದಾಟಿದ ವಯಸ್ಸಿನಲ್ಲಿ, 1955ರಿಂದ 1957ರವರೆಗೆ ಆಲ್ಡರ್ಸನ್ ಮಹಿಳಾ ಜೈಲಿನಲ್ಲಿದ್ದರು. 1964ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಉಚ್ಚಾಟನೆಯ ತೀರ್ಮಾನವನ್ನು ನಾಗರಿಕ ಸ್ವಾತಂತ್ರ್ಯ ಸಂಘ ರದ್ದು ಮಾಡಿದ್ದು 1976ರಲ್ಲಿ, ಅವರು ತೀರಿಕೊಂಡ ಹನ್ನೆರಡು ವರ್ಷಗಳ ಮೇಲೆ.

ನಮಸ್ಕಾರ.